ಮನಸ್ಸಿನಿಂದ ಇಳಿಯದ ಮೂರು ಚಿತ್ರಗಳು

ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ಮನೆಗಳಲ್ಲಿ ಮೊದಲು ಬೀಗ ಬೀಳುವುದು ಸಿನಿಮಾಕ್ಕೆ. ಹಿಂದೆ ಟೆಂಟಿನ ಕಡೆ ತಲೆ ಹಾಕಬಾರದೆಂಬ ಕಟ್ಟಪ್ಪಣೆ ಇರುತ್ತಿತ್ತು. ಆಮೇಲೆ ಟೀವಿಗೆ ಬಟ್ಟೆ ಹೊದಿಸುವ ಕಾಲ ಬಂತು. ಈಗ ಮೊಬೈಲನ್ನು ಅಲಮಾರಿನಲ್ಲಿಟ್ಟು ಕೀಲಿ ತಿರುಗಿಸುತ್ತಾರೆ. ಪಾಲಕರ ಈ ಆತಂಕ ಸುಮ್ಮಸುಮ್ಮನೆ ಹುಟ್ಟಿದ್ದೇನಲ್ಲ. ಮೂರು ತಾಸು ಕುಳಿತು ನೋಡಿ, ಹೊರಗೆ ಬಂದು ಚಹಾ ಕುಡಿಯುವಷ್ಟರಲ್ಲಿ ಕಥೆಯೇ ಮರೆತುಹೋಗುವ ಚಿತ್ರಗಳೇ ಹೆಚ್ಚು.

ಆದರೆ ಕೆಲವು ಚಿತ್ರಗಳು ಹಾಗೆ ಬಿಟ್ಟುಹೋಗುವುದಿಲ್ಲ. ವರ್ಷಗಳು ಕಳೆದ ಮೇಲೂ ಯಾವುದೋ ಪಾಠ ಮಾಡುವಾಗ, ಯಾವುದೋ ಕಚೇರಿಯ ಸಾಲಿನಲ್ಲಿ ನಿಂತಾಗ ಥಟ್ಟನೆ ಎದುರು ಬಂದು ನಿಲ್ಲುತ್ತವೆ. ವಿಜ್ಞಾನ ಬೋಧಿಸುವ ನನ್ನ ಪಾಲಿಗೆ ಅಂಥ ಚಿತ್ರಗಳು ಮೂರು. ಗಿರೀಶ ಕಾಸರವಳ್ಳಿಯವರ ಕನ್ನಡದ ‘ತಬರನ ಕಥೆ’, ಸತ್ಯಜಿತ್ ರಾಯ್ ಅವರ ಬಂಗಾಳಿಯ ‘ಗಣಶತ್ರು’ ಮತ್ತು ತಪನ್ ಸಿನ್ಹಾ ಅವರ ಹಿಂದಿಯ ‘ಏಕ್ ಡಾಕ್ಟರ್ ಕೀ ಮೌತ್’. 1986ರಿಂದ 1990ರವರೆಗಿನ ಐದು ವರ್ಷಗಳೊಳಗೆ ಬಂದ ಚಿತ್ರಗಳಿವು. ಭಾಷೆ ಬೇರೆ, ಊರು ಬೇರೆ, ಕಥೆ ಬೇರೆ. ಆದರೂ ಮೂರರಲ್ಲೂ ಒಂದೊಂದು ಕಾಯಿಲೆ ಇದೆ. ಮೂರರಲ್ಲೂ ಆ ಕಾಯಿಲೆಗೆ ಏನು ಮಾಡಬೇಕೆಂಬುದು ತಿಳಿದಿದೆ. ತಿಳಿದಿದ್ದೂ ಅದು ಬೇಕಾದವರಿಗೆ ಮುಟ್ಟುವುದಿಲ್ಲ. ಯಾಕೆ ಮುಟ್ಟುವುದಿಲ್ಲ ಎಂಬುದೇ ಈ ಚಿತ್ರಗಳು ಕೇಳುವ ಪ್ರಶ್ನೆ. ಇದಕ್ಕೆ ಉತ್ತರ ನಮ್ಮ ಯಾವ ಪಠ್ಯಪುಸ್ತಕದಲ್ಲೂ ಇಲ್ಲ.

ಎರಡು ಗಡಿಯಾರಗಳು

‘ತಬರನ ಕಥೆ’ ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಆಧರಿಸಿದ್ದು. 1986ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಇದಕ್ಕೆ ದೊರೆಯಿತು. ತಬರನ ಪಾತ್ರ ವಹಿಸಿದ ಚಾರುಹಾಸನ್ ಅತ್ಯುತ್ತಮ ನಟರೆನಿಸಿದರು. ತಬರಶೆಟ್ಟಿ ಸರ್ಕಾರದ ಅತ್ಯಂತ ಕೆಳಗಿನ ನೌಕರ. ಬ್ರಿಟಿಷರ ಕಾಲದಿಂದ ದುಡಿದವನು, ಸರ್ಕಾರವೆಂದರೆ ದೇವರೆಂದು ನಂಬಿದವನು. ನಿವೃತ್ತನಾದ ಮೇಲೆ ಅವನಿಗೆ ಬರಬೇಕಾದ ಪಿಂಚಣಿ ಹಳೆಯ ಲೆಕ್ಕದ ತೊಡಕೊಂದರಲ್ಲಿ ಸಿಕ್ಕಿಬೀಳುತ್ತದೆ. ಇತ್ತ ಹೆಂಡತಿ ಅಪ್ಪಿಗೆ ಸಕ್ಕರೆ ಕಾಯಿಲೆ. ಕಾಲಿನ ಗಾಯ ಕೊಳೆಯತೊಡಗುತ್ತದೆ. ಕಾಲು ತೆಗೆಯದಿದ್ದರೆ ಜೀವ ಉಳಿಯುವುದಿಲ್ಲ. ಅದಕ್ಕೆ ಹಣ ಬೇಕು, ಹಣಕ್ಕೆ ಪಿಂಚಣಿ ಬರಬೇಕು. ತಬರ ಮೇಜಿನಿಂದ ಮೇಜಿಗೆ ಅಲೆಯುತ್ತಾನೆ. ಕೊನೆಗೆ ದಿಕ್ಕು ತೋಚದೆ, ಹೆಂಡತಿಯ ಕಾಲನ್ನು ಕತ್ತರಿಸಿಕೊಡು ಎಂದು ಕಟುಕನ ಬಳಿ ಹೋಗಿ ಬೇಡುತ್ತಾನೆ. ಈ ಮಾತನ್ನು ಬರೆಯುವಾಗ ಈಗಲೂ ಕೈ ಒಂದು ಗಳಿಗೆ ನಿಲ್ಲುತ್ತದೆ.

ಮಧುಮೇಹದ ಪಾಠವನ್ನು ನಾವು ತರಗತಿಯಲ್ಲಿ ಹೇಗೆ ಮಾಡುತ್ತೇವೆ? ಮೇದೋಜೀರಕ ಗ್ರಂಥಿ, ಇನ್ಸುಲಿನ್, ರಕ್ತದಲ್ಲಿ ಗ್ಲೂಕೋಸಿನ ಪ್ರಮಾಣ. ಬಹಳ ಕಾಲ ಸಕ್ಕರೆಯ ಅಂಶ ಹೆಚ್ಚೇ ಉಳಿದರೆ ಕಾಲಿನ ನರಗಳು ಸ್ಪರ್ಶಜ್ಞಾನ ಕಳೆದುಕೊಳ್ಳುತ್ತವೆ, ಸಣ್ಣ ಗಾಯವಾದರೂ ನೋವು ತಿಳಿಯುವುದಿಲ್ಲ. ರಕ್ತನಾಳಗಳು ಕಿರಿದಾಗಿ ಗಾಯದ ಜಾಗಕ್ಕೆ ರಕ್ತ ಸಾಲದು. ರಕ್ತವಿಲ್ಲದಲ್ಲಿ ಆಮ್ಲಜನಕವಿಲ್ಲ, ಜೀವಕೋಶ ಸಾಯುತ್ತದೆ, ಸತ್ತ ಅಂಗಾಂಶದಲ್ಲಿ ರೋಗಾಣುಗಳು ಬೆಳೆಯುತ್ತವೆ. ಇದನ್ನು ಐದು ಅಂಕದ ಉತ್ತರವಾಗಿ ಮಕ್ಕಳು ಚೆನ್ನಾಗಿಯೇ ಬರೆಯುತ್ತಾರೆ. ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಬೇರ್ಪಡಿಸಿದ್ದು 1921ರಲ್ಲಿ. ಮರುವರ್ಷವೇ ಅದು ರೋಗಿಗಳಿಗೆ ದೊರೆಯಿತು. ಅಂದರೆ ಅಪ್ಪಿಯ ಕಾಯಿಲೆಗೆ ಔಷಧ ಬಂದು ಆಗಲೇ ದಶಕಗಳು ಕಳೆದಿದ್ದವು.

ಚಿತ್ರ ನೋಡಿದ ಮೇಲೆ ನನಗೆ ಈ ಪಾಠಕ್ಕೆ ಇನ್ನೊಂದು ಸಾಲು ಸೇರಿತು. ಗಾಯಕ್ಕೊಂದು ಗಡಿಯಾರವಿದೆ, ಕಡತಕ್ಕೊಂದು ಗಡಿಯಾರವಿದೆ. ಮೊದಲನೆಯದು ಗಂಟೆಗಳ ಲೆಕ್ಕದಲ್ಲಿ ಓಡುತ್ತದೆ, ಎರಡನೆಯದು ತಿಂಗಳುಗಳ ಲೆಕ್ಕದಲ್ಲಿ ತೆವಳುತ್ತದೆ. ಅಪ್ಪಿ ಸತ್ತದ್ದು ಈ ಎರಡರ ನಡುವಿನ ಅಂತರದಲ್ಲಿ. ಗಮನಿಸಬೇಕಾದ ಮಾತೆಂದರೆ, ಆ ಕಚೇರಿಯಲ್ಲಿ ಯಾರೂ ಅವಳನ್ನು ಕೊಲ್ಲಬೇಕೆಂದುಕೊಂಡವರಲ್ಲ. ನಾಳೆ ಬಾ ಎಂದವರು, ಸಾಹೇಬರು ಊರಿನಲ್ಲಿಲ್ಲ ಎಂದವರು, ಇನ್ನೊಂದು ಕಾಗದ ತಾ ಎಂದವರು ಮಾತ್ರ. ಒಬ್ಬೊಬ್ಬರ ಪಾಲಿಗೆ ಅದೊಂದು ಸಣ್ಣ ಉದಾಸೀನ. ಎಲ್ಲವನ್ನೂ ಕೂಡಿಸಿದರೆ ಒಂದು ಜೀವ.

ತಿಳಿನೀರಿನಲ್ಲಿ ಇದ್ದದ್ದು

‘ತಬರನ ಕಥೆ’ಯಲ್ಲಿ ಅಡ್ಡ ಬಂದದ್ದು ಉದಾಸೀನ. 1989ರ ‘ಗಣಶತ್ರು’ವಿನಲ್ಲಿ ಅಡ್ಡ ಬರುವುದು ಲಾಭ ಮತ್ತು ಭಯ. ನಾರ್ವೆಯ ನಾಟಕಕಾರ ಇಬ್ಸೆನ್ 1882ರಲ್ಲಿ ಬರೆದ ನಾಟಕವನ್ನು ರಾಯ್ ಬಂಗಾಳದ ಚಂಡೀಪುರವೆಂಬ ಊರಿಗೆ ತಂದರು. ಹೃದಯದ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದ ಅವರು ಬಹುಪಾಲು ಮನೆಯ ಒಳಾಂಗಣದ ಸೆಟ್‌ನಲ್ಲೇ ಚಿತ್ರೀಕರಿಸಿದ್ದರಿಂದ, ಇದು ನಾಟಕದಂತಿದೆ ಎಂದವರೂ ಇದ್ದಾರೆ. ಇರಲಿ. ಕಥೆ ಇಷ್ಟು: ಊರಿನಲ್ಲಿ ಕಾಮಾಲೆ ಹರಡುತ್ತಿದೆ. ಸೌಮಿತ್ರ ಚಟರ್ಜಿ ಅಭಿನಯಿಸಿರುವ ಡಾ. ಅಶೋಕ್ ಗುಪ್ತ ನೀರಿನ ಮಾದರಿಯನ್ನು ಪರೀಕ್ಷೆಗೆ ಕಳಿಸುತ್ತಾರೆ. ಸಾವಿರಾರು ಭಕ್ತರು ಬರುವ ದೇವಸ್ಥಾನದ ತೀರ್ಥದ ನೀರಿನಲ್ಲೇ ಸೋಂಕು ಇದೆಯೆಂದು ವರದಿ ಬರುತ್ತದೆ. ಕೊಳವೆಗಳನ್ನು ಸರಿಪಡಿಸುವವರೆಗೆ ದೇವಸ್ಥಾನ ಮುಚ್ಚಬೇಕೆಂಬುದು ಡಾಕ್ಟರರ ಸಲಹೆ. ಮುಚ್ಚಿದರೆ ಊರಿನ ಆದಾಯ ಹೋಗುತ್ತದೆ. ಪುರಸಭೆಯ ಮುಖ್ಯಸ್ಥ ಅವರ ಸ್ವಂತ ತಮ್ಮನೇ. ತುಳಸಿ ಹಾಕಿದ ತೀರ್ಥ ಕೆಡುವುದುಂಟೇ ಎಂಬ ವಾದ ಹುಟ್ಟುತ್ತದೆ. ಮೊದಲು ಬೆನ್ನು ತಟ್ಟಿದ ಪತ್ರಿಕೆಯ ಸಂಪಾದಕ ಆಮೇಲೆ ಲೇಖನ ಅಚ್ಚು ಹಾಕಲು ಹಿಂಜರಿಯುತ್ತಾನೆ. ಸಭೆ ಕರೆದರೆ, ನೀರಿನ ಬಗ್ಗೆ ಮಾತಾಡಲು ಬಿಡದೆ ಡಾಕ್ಟರರ ಧರ್ಮಶ್ರದ್ಧೆಯನ್ನೇ ಪ್ರಶ್ನಿಸುತ್ತಾರೆ. ರೋಗ ತಡೆಯಲು ಹೊರಟವನು ಜನರ ಶತ್ರುವಾಗುತ್ತಾನೆ, ಮನೆಗೆ ಕಲ್ಲು ಬೀಳುತ್ತದೆ.

ಇದು ಬರೀ ನಾಟಕದ ಕಲ್ಪನೆ ಎನ್ನುವವರು ಒಂದು ಘಟನೆಯನ್ನು ನೆನೆಯಬೇಕು. 1955ರ ಕೊನೆಯಲ್ಲಿ ದೆಹಲಿಯ ಕುಡಿಯುವ ನೀರಿಗೆ ಚರಂಡಿಯ ನೀರು ಸೇರಿತು. ಕೆಲವೇ ವಾರಗಳಲ್ಲಿ ಸುಮಾರು 29 ಸಾವಿರ ಮಂದಿಗೆ ಕಾಮಾಲೆಯಾಯಿತು. ನೀರಿಗೆ ಕ್ಲೋರಿನ್ ಸೇರಿಸಿದ್ದರಿಂದ ವಿಷಮಶೀತಜ್ವರದಂಥ ಬ್ಯಾಕ್ಟೀರಿಯದ ರೋಗಗಳು ಹೆಚ್ಚಲಿಲ್ಲ, ವೈರಸ್ ಮಾತ್ರ ಉಳಿದು ಮನೆಮನೆಗೆ ಹೋಯಿತು. ಆ ರೋಗ ಇಂದು ನಾವು ಹೆಪಟೈಟಿಸ್ ‘ಇ’ ಎಂದು ಕರೆಯುವಂಥದ್ದು ಎಂಬುದು ಬಹಳ ವರ್ಷಗಳ ಮೇಲೆ ಗೊತ್ತಾಯಿತು. ಇಂಥ ವೈರಸ್ಸಿನ ಅಡ್ಡಳತೆ ಒಂದು ಮಿಲಿಮೀಟರಿನ ಸುಮಾರು 30 ಸಾವಿರದಲ್ಲಿ ಒಂದು ಪಾಲು. ಗಾಜಿನ ಲೋಟದಲ್ಲಿ ಹಿಡಿದು ನೋಡಿದರೆ ನೀರು ಸ್ಫಟಿಕದಂತೆಯೇ ಕಾಣುತ್ತದೆ. ತಿಳಿಯಾದ ನೀರು ಬೇರೆ, ಶುದ್ಧವಾದ ನೀರು ಬೇರೆ. ಈ ಒಂದು ವ್ಯತ್ಯಾಸವನ್ನು ಹೇಳಹೊರಟ ಡಾ. ಗುಪ್ತ ಯಾರ ದೇವರನ್ನೂ ನಿಂದಿಸಲಿಲ್ಲ. ಕೊಳವೆ ಒಡೆದಿದೆ, ರಿಪೇರಿ ಮಾಡಿ ಎಂದರು, ಅಷ್ಟೆ. ಚಿತ್ರದ ಕೊನೆಯಲ್ಲಿ ಅವರ ಮನೆಯ ಹೊರಗೆ ಬೆಂಬಲದ ಘೋಷಣೆ ಕೂಗುತ್ತ ಬರುವವರು ಊರಿನ ಯುವಕರು. ತಾನು ಒಂಟಿಯಲ್ಲ ಎಂದು ಡಾಕ್ಟರರಿಗೆ ಆಗ ಅರಿವಾಗುತ್ತದೆ. ರಾಯ್ ತಮ್ಮ ಭರವಸೆಯನ್ನು ಯಾರ ಮೇಲೆ ಇಟ್ಟಿದ್ದರೆಂಬುದನ್ನು ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಪ್ರಯೋಗಾಲಯದಲ್ಲಿ ಗೆದ್ದು ಹೊರಗೆ ಸೋತವರು

ಮೂರನೆಯ ಚಿತ್ರ 1990ರದ್ದು. ಇಲ್ಲಿ ಅಡ್ಡ ನಿಲ್ಲುವವರು ಅಜ್ಞಾನಿಗಳಲ್ಲ, ದೊಡ್ಡ ದೊಡ್ಡ ಪದವಿ ಪಡೆದವರು. ಪಂಕಜ್ ಕಪೂರ್ ಅಭಿನಯದ ಡಾ. ದೀಪಂಕರ್ ರಾಯ್ ಸರ್ಕಾರಿ ಆಸ್ಪತ್ರೆಯ ಕೆಲಸ ಮುಗಿಸಿ ಬಂದು ಮನೆಯ ಪುಟ್ಟ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ದುಡಿದು ಕುಷ್ಠರೋಗಕ್ಕೆ ಲಸಿಕೆ ಕಂಡುಹಿಡಿಯುತ್ತಾರೆ. ಶಬಾನಾ ಆಜ್ಮಿ ಅವರ ಪತ್ನಿಯಾಗಿ, ಆಗಿನ್ನೂ ಹೊಸಬರಾಗಿದ್ದ ಇರ್ಫಾನ್ ಖಾನ್ ಪತ್ರಕರ್ತನಾಗಿ ನಟಿಸಿದ್ದಾರೆ. ಕುಷ್ಠದ ಮೇಲೆ ಸಂಶೋಧನೆ ಎಷ್ಟು ಕಷ್ಟವೆಂಬುದು ಗೊತ್ತಿದ್ದರೆ ಈ ಕಥೆಯ ಭಾರ ತಿಳಿಯುತ್ತದೆ. ನಮ್ಮ ಕರುಳಿನ ಸಾಮಾನ್ಯ ಬ್ಯಾಕ್ಟೀರಿಯ ಅನುಕೂಲ ಸಿಕ್ಕರೆ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. 1873ರಲ್ಲಿ ಹ್ಯಾನ್ಸೆನ್ ಗುರುತಿಸಿದ ಕುಷ್ಠದ ಬ್ಯಾಕ್ಟೀರಿಯ ಎರಡಾಗಲು ಸುಮಾರು ಎರಡು ವಾರ ಬೇಕು. ಗಾಜಿನ ತಟ್ಟೆಯ ಕೃತಕ ಆಹಾರದಲ್ಲಿ ಅದು ಬೆಳೆಯುವುದೂ ಇಲ್ಲ. ಹಾಗೆಂದರೆ ಇಲ್ಲಿ ತಾಳ್ಮೆಯೇ ಮುಖ್ಯ ಉಪಕರಣ.

ಅಂಥ ತಾಳ್ಮೆಯಿಂದ ಗೆದ್ದವನನ್ನು ಸಹೋದ್ಯೋಗಿಗಳು ಸಭೆಗೆ ಕರೆದು ಅಪಹಾಸ್ಯ ಮಾಡುತ್ತಾರೆ. ಮೇಲಧಿಕಾರಿಗಳು ಅನುಮತಿಯಿಲ್ಲದೆ ಸುದ್ದಿ ಹೊರಬಿದ್ದದ್ದೇಕೆಂದು ಗದರಿಸುತ್ತಾರೆ. ವಿದೇಶದಿಂದ ಬಂದ ಪತ್ರ ಮುಚ್ಚಿಹೋಗುತ್ತದೆ, ದೂರದ ಹಳ್ಳಿಗೆ ವರ್ಗವಾಗುತ್ತದೆ. ಅಷ್ಟರಲ್ಲಿ ಅದೇ ಲಸಿಕೆಯ ಕೀರ್ತಿ ಅಮೆರಿಕದ ಇಬ್ಬರು ವೈದ್ಯರ ಪಾಲಾಗುತ್ತದೆ. ಆದರೂ ಡಾ. ರಾಯ್ ಕೊನೆಯಲ್ಲಿ ಕೆಲಸ ಬಿಡುವುದಿಲ್ಲ. ಹೊರದೇಶದ ಸಂಸ್ಥೆಯೊಂದರ ಆಹ್ವಾನ ಒಪ್ಪಿ ಮತ್ತೆ ಸಂಶೋಧನೆಗೆ ಹೊರಡುತ್ತಾರೆ.

ಈ ಕಥೆಗೆ ಪ್ರೇರಣೆಯಾದ ನಿಜವಾದ ವೈದ್ಯರಿಗೆ ಆ ಭಾಗ್ಯವೂ ಸಿಗಲಿಲ್ಲ. ಕೊಲ್ಕತ್ತಾದ ಡಾ. ಸುಭಾಷ್ ಮುಖ್ಯೋಪಾಧ್ಯಾಯ ಅವರ ಹೆಸರು ಎಷ್ಟು ಮಕ್ಕಳಿಗೆ ಗೊತ್ತು? ಜಗತ್ತಿನ ಮೊದಲ ಪ್ರನಾಳ ಶಿಶು ಇಂಗ್ಲೆಂಡಿನಲ್ಲಿ ಹುಟ್ಟಿದ್ದು 1978ರ ಜುಲೈ 25ರಂದು. ಅದಾಗಿ 70 ದಿನಗಳಿಗೆ, ಅಕ್ಟೋಬರ್ 3ರಂದು, ಮುಖ್ಯೋಪಾಧ್ಯಾಯ ಮತ್ತು ಅವರ ಇಬ್ಬರು ಸಂಗಡಿಗರ ಪ್ರಯತ್ನದಿಂದ ಕೊಲ್ಕತ್ತಾದಲ್ಲಿ ಹೆಣ್ಣುಮಗುವೊಂದು ಹುಟ್ಟಿತು. ಅವರು ಭ್ರೂಣವನ್ನು ಹೆಪ್ಪುಗಟ್ಟಿಸಿ ಕಾಪಾಡಿ ಆಮೇಲೆ ಗರ್ಭಕ್ಕೆ ಸೇರಿಸಿದ್ದರು. ಹೊರಗಿನ ಜಗತ್ತಿನಲ್ಲಿ ಹಾಗೆ ಶೈತ್ಯೀಕರಿಸಿದ ಭ್ರೂಣದಿಂದ ಮಗು ಹುಟ್ಟಿದ್ದು 1984ರಲ್ಲಿ, ಆಸ್ಟ್ರೇಲಿಯದಲ್ಲಿ. ರಾಜ್ಯ ಸರ್ಕಾರ ನೇಮಿಸಿದ ಸಮಿತಿ ಅವರ ಮಾತನ್ನು ನಂಬಲಿಲ್ಲ. ಜಪಾನಿಗೆ ಹೋಗಿ ತಮ್ಮ ಕೆಲಸ ವಿವರಿಸಲು ಅವರಿಗೆ ಅನುಮತಿ ದೊರೆಯಲಿಲ್ಲ. 1981ರಲ್ಲಿ ಅವರ ವಿಷಯಕ್ಕೆ ಸಂಬಂಧವೇ ಇಲ್ಲದ ಕಣ್ಣಿನ ಚಿಕಿತ್ಸಾ ಸಂಸ್ಥೆಗೆ ವರ್ಗಾಯಿಸಿದರು. ಆ ಜೂನ್ 19ರಂದು ಅವರು ತಮ್ಮ ಬದುಕನ್ನು ತಾವೇ ಕೊನೆಗಾಣಿಸಿಕೊಂಡರು. ಇಂಗ್ಲೆಂಡಿನ ಕೆಲಸಕ್ಕಾಗಿ ರಾಬರ್ಟ್ ಎಡ್ವರ್ಡ್ಸ್ ಅವರಿಗೆ 2010ರಲ್ಲಿ ನೊಬೆಲ್ ಬಂದಾಗ, ನಮ್ಮವರು ಹೋಗಿ ಸುಮಾರು ಮೂವತ್ತು ವರ್ಷ.

ಈ ಕಥೆಯ ಮುಂದಿನ ಭಾಗ ಚಿತ್ರದಲ್ಲಿಲ್ಲ, ಏಕೆಂದರೆ ಅದು ನಡೆದದ್ದು ಚಿತ್ರ ಬಂದ ಏಳು ವರ್ಷಗಳ ಮೇಲೆ. 1986ರ ಆಗಸ್ಟ್‌ನಲ್ಲಿ ಮುಂಬೈಯಲ್ಲಿ ಹುಟ್ಟಿದ ಮಗುವನ್ನೇ ಭಾರತದ ಮೊದಲ ಪ್ರನಾಳ ಶಿಶುವೆಂದು ಎಲ್ಲರೂ ಬರೆಯುತ್ತಿದ್ದರು. ಆ ಸಾಧನೆಯ ಹಿಂದಿದ್ದ ವಿಜ್ಞಾನಿ ಡಾ. ಟಿ.ಸಿ. ಆನಂದಕುಮಾರ್. ಅವರಿಗೆ ಮುಖ್ಯೋಪಾಧ್ಯಾಯರ ಟಿಪ್ಪಣಿಗಳು ಓದಲು ಸಿಕ್ಕವು. ಓದಿದರು, ಪರಿಶೀಲಿಸಿದರು. 1997ರಲ್ಲಿ ಬೆಂಗಳೂರಿನಿಂದ ಪ್ರಕಟವಾಗುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಲೇಖನ ಬರೆದು, ಭಾರತದಲ್ಲಿ ಇದನ್ನು ಮೊದಲು ಸಾಧಿಸಿದವರು ಸುಭಾಷ್ ಮುಖ್ಯೋಪಾಧ್ಯಾಯ ಎಂದು ಸಾರಿದರು. ಮೊದಲಿಗನೆಂಬ ಕಿರೀಟ ತಮ್ಮ ತಲೆಯ ಮೇಲಿತ್ತು. ಯಾರೂ ಕೇಳಿರಲಿಲ್ಲ, ಕೇಳುವವರು ಬದುಕಿಯೂ ಇರಲಿಲ್ಲ. ತಾವಾಗಿಯೇ ತೆಗೆದು ತೀರಿಹೋದವರ ತಲೆಗಿಟ್ಟರು. ವಿಜ್ಞಾನದ ಮನೋಭಾವ ಎಂದರೇನು ಎಂದು ಮಕ್ಕಳು ಕೇಳಿದಾಗ ನಾನು ವ್ಯಾಖ್ಯೆ ಬರೆಸುವುದನ್ನು ಬಿಟ್ಟಿದ್ದೇನೆ. ಈ ಪ್ರಸಂಗವನ್ನು ಹೇಳುತ್ತೇನೆ.

ನಡುವಿನ ಕುರ್ಚಿ

ಈಗ ಪಾಲಕರಲ್ಲಿ ಒಂದು ಮಾತು. ನಮ್ಮ ಮಕ್ಕಳಲ್ಲಿ ಬ್ಯಾಂಟಿಂಗ್, ಎಡ್ವರ್ಡ್ಸ್ ಆಗುವವರು ಲಕ್ಷಕ್ಕೊಬ್ಬರು ಇದ್ದಾರು. ಅವರಿಗೆ ಶುಭವಾಗಲಿ. ಉಳಿದವರು ಗುಮಾಸ್ತರಾಗುತ್ತಾರೆ, ಎಂಜಿನಿಯರುಗಳಾಗುತ್ತಾರೆ, ವೈದ್ಯರು, ಪತ್ರಕರ್ತರು, ಪುರಸಭೆಯ ಸದಸ್ಯರು, ಸಮಿತಿಯ ಸದಸ್ಯರು ಆಗುತ್ತಾರೆ. ಅಂದರೆ ತಿಳಿವಳಿಕೆಗೂ ಅದು ಬೇಕಾದ ಬಡಪಾಯಿಗೂ ನಡುವೆ ಇರುವ ಕುರ್ಚಿಗಳಲ್ಲಿ ಕೂರುತ್ತಾರೆ. ಅಪ್ಪಿಯ ಜೀವ ಹೋದದ್ದು ಅಂಥ ಕುರ್ಚಿಯಿಂದ. ಡಾ. ಗುಪ್ತರ ವರದಿಯನ್ನು ತಡೆದದ್ದೂ ಅಂಥ ಕುರ್ಚಿಯೇ. ಮುಖ್ಯೋಪಾಧ್ಯಾಯರನ್ನು ನಂಬದ ಸಮಿತಿಯಲ್ಲಿದ್ದವರು ವಿಜ್ಞಾನದಲ್ಲಿ ನಪಾಸಾದವರೇನಲ್ಲ. ಡಾ. ಆನಂದಕುಮಾರ್ ಕೂಡ ಆ ಟಿಪ್ಪಣಿಗಳನ್ನು ಕೈಗೆತ್ತಿಕೊಂಡ ದಿನ ಅಂಥದೇ ಕುರ್ಚಿಯಲ್ಲಿ ಕುಳಿತಿದ್ದರು. ಕುಳಿತ ರೀತಿ ಬೇರೆಯಾಗಿತ್ತು.

ಅಂಕಪಟ್ಟಿಯಲ್ಲಿ ಇದಕ್ಕೆ ಕಾಲಮ್ಮಿಲ್ಲ, ನಾವು ಉಪಾಧ್ಯಾಯರು ಇದಕ್ಕೆ ಪ್ರಶ್ನೆಪತ್ರಿಕೆ ತಯಾರಿಸಲೂ ಆಗುವುದಿಲ್ಲ. ಆದ್ದರಿಂದ ರಜೆಯ ಒಂದು ಸಂಜೆ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಮೂರರಲ್ಲಿ ಒಂದನ್ನಾದರೂ ನೋಡಿ. ಚಿಕ್ಕವರಿಗೆ ಬೇಡ, ಪ್ರೌಢಶಾಲೆ ದಾಟುತ್ತಿರುವವರಿಗೆ ಸರಿ. ಹಾಡು, ಹೊಡೆದಾಟ ಇಲ್ಲವೆಂದು ಮೊದಲ ಹತ್ತು ನಿಮಿಷ ಅವರು ಗೊಣಗಬಹುದು. ಮುಗಿದ ಮೇಲೆ ನೀತಿಪಾಠ ಹೇಳಲು ಹೋಗಬೇಡಿ. ಆ ಕಚೇರಿಯ ಮೇಜಿನ ಹಿಂದೆ ನೀನಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿ, ಸುಮ್ಮನೆ ಕಾಯಿರಿ. ಉತ್ತರ ತಡವಾಗಿ ಬಂದರೂ ಪರವಾಗಿಲ್ಲ.