ಚಾಡಿ

ಚಾಡಿ ಎಂದರೆ ಒಬ್ಬರಿಗೆ ಕೇಡು ಮಾಡುವ ಉದ್ದೇಶದಿಂದ ಅವರ ಬೆನ್ನ ಹಿಂದೆ ಇನ್ನೊಬ್ಬರ ಬಳಿ ಹೇಳುವ ದೂರಿನ ಮಾತು. ಕೊಂಡೆಯ ಮತ್ತು ಪೈಶುನ್ಯ ಇದರ ಸಮಾನಾರ್ಥಕ ಪದಗಳು. ಚಾಡಿ ಹೇಳುವವನನ್ನು ಚಾಡಿಕೋರ, ಪಿಶುನ ಅಥವಾ ಕರ್ಣೇಜಪ ಎನ್ನುತ್ತಾರೆ.

ಪದಮೂಲ

ತೆಲುಗಿನ 'ಚಾಡಿ' ಹಾಗೂ ಮರಾಠಿಯ 'ಚಹಾಡಿ' ಪದಗಳಿಗೂ ಇದೇ ಅರ್ಥವಿದೆ. 'ಚಾಡಿಕೋರ' ಪದದಲ್ಲಿರುವ 'ಕೋರ' ಎಂಬುದು 'ತಿನ್ನುವವನು' ಎಂಬ ಅರ್ಥದ ಪಾರಸಿಯ 'ಖೋರ್' ಪ್ರತ್ಯಯದಿಂದ ಬಂದಿದೆ. 'ಲಂಚಕೋರ' ಪದದಲ್ಲಿಯೂ ಇದನ್ನು ಕಾಣಬಹುದು. ಹಳೆಯ ಕನ್ನಡ ಕಾವ್ಯಗಳಲ್ಲಿ ಬರುವ 'ಕೊಂಡೆಯ'ಕ್ಕೆ ತೆಲುಗಿನ 'ಕೊಂಡೆಮು' ಸಂವಾದಿಯಾಗಿದೆ. ಸಂಸ್ಕೃತದ 'ಪಿಶುನ' ಪದಕ್ಕೆ 'ಸುಳಿವು ಕೊಡುವ, ಬಯಲು ಮಾಡುವ' ಎಂಬ ಅರ್ಥವೂ ಇದೆ. ಪೈಶುನ್ಯವು ಅದರಿಂದ ಸಾಧಿತವಾದ ಭಾವನಾಮ. 'ಕರ್ಣೇಜಪ' ಎಂದರೆ ಕಿವಿಯಲ್ಲಿ ಪಿಸುಗುಟ್ಟುವವನು. ಪೂರ್ವಪದದ ಸಪ್ತಮೀ ವಿಭಕ್ತಿ ಲೋಪವಾಗದೆ ಉಳಿದಿರುವುದರಿಂದ ಇದು ಅಲುಕ್ ಸಮಾಸ.

ಅರ್ಥವ್ಯಾಪ್ತಿ

ನಿಂದೆಯನ್ನು ಎದುರಿನಲ್ಲಿಯೂ ಮಾಡಬಹುದು. ಚಾಡಿಗಾದರೋ ಮೂವರು ಬೇಕು: ಹೇಳುವವನು, ಕೇಳುವವನು ಮತ್ತು ಅಲ್ಲಿ ಇಲ್ಲದವನು. ಇಲ್ಲದವನಿಗೆ ಉತ್ತರ ಕೊಡುವ ಅವಕಾಶವಿರುವುದಿಲ್ಲ. ಅಪವಾದವು ಸುಳ್ಳು ಆರೋಪ. ಆದರೆ ಚಾಡಿಯ ಮಾತು ಸುಳ್ಳೇ ಆಗಿರಬೇಕೆಂದಿಲ್ಲ. ನಡೆದುದನ್ನೇ ಮನಸ್ಸು ಮುರಿಯುವ ಉದ್ದೇಶದಿಂದ ಹೇಳಿದರೂ ಅದು ಚಾಡಿಯೇ. ಕೇಳುವವನ ಪಾತ್ರವನ್ನೂ ಕನ್ನಡದ ನುಡಿಗಟ್ಟು ಗುರುತಿಸುತ್ತದೆ: ಹೇಳಿದ್ದನ್ನೆಲ್ಲ ವಿಚಾರಿಸದೆ ನಂಬುವವನದು 'ಹಿತ್ತಾಳೆ ಕಿವಿ'.

ಸಾಹಿತ್ಯ ಮತ್ತು ಧರ್ಮಗ್ರಂಥಗಳಲ್ಲಿ

ಪಂಚತಂತ್ರದ ಮೊದಲ ಕಥೆ ಚಾಡಿಯ ಪರಿಣಾಮವನ್ನು ನಿರೂಪಿಸುತ್ತದೆ. ದಮನಕನೆಂಬ ನರಿಯು ಸಿಂಹ ಪಿಂಗಳಕ ಮತ್ತು ಎತ್ತು ಸಂಜೀವಕರ ಬಳಿ ಬೇರೆ ಬೇರೆಯಾಗಿ ಹೋಗಿ, ಒಬ್ಬನ ಮೇಲೆ ಇನ್ನೊಬ್ಬನಿಗೆ ಸಂಶಯ ಹುಟ್ಟಿಸುತ್ತದೆ. ಸ್ನೇಹವು ಸಂಜೀವಕನ ಸಾವಿನಲ್ಲಿ ಕೊನೆಗೊಳ್ಳುತ್ತದೆ. 11ನೆಯ ಶತಮಾನದಲ್ಲಿ ಕನ್ನಡ ಪಂಚತಂತ್ರವನ್ನು ರಚಿಸಿದ ದುರ್ಗಸಿಂಹನು ಈ ಭಾಗವನ್ನು 'ಭೇದಪ್ರಕರಣ' ಎಂದು ಕರೆದಿದ್ದಾನೆ.

ಮನುಸ್ಮೃತಿಯು ಮಾತಿನಿಂದಾಗುವ ನಾಲ್ಕು ಪಾಪಗಳಲ್ಲಿ ಪೈಶುನ್ಯವನ್ನು ಸೇರಿಸಿದೆ. ಬೌದ್ಧರ ಸಮ್ಯಕ್ ವಾಕ್ಕಿನಲ್ಲಿ ಚಾಡಿಯನ್ನು ಬಿಡುವುದೂ ಒಂದು ಅಂಗ. ಭಗವದ್ಗೀತೆಯ 16ನೆಯ ಅಧ್ಯಾಯವು 'ಅಪೈಶುನ'ವನ್ನು ದೈವೀ ಸಂಪತ್ತುಗಳಲ್ಲಿ ಎಣಿಸುತ್ತದೆ.

ಕಾನೂನು

ಚಾಡಿ ಎಂಬ ಹೆಸರಿನ ಅಪರಾಧವು ಭಾರತೀಯ ಕಾನೂನಿನಲ್ಲಿಲ್ಲ. ಆದರೆ ಅದು ವ್ಯಕ್ತಿಯ ಗೌರವಕ್ಕೆ ಧಕ್ಕೆ ತರುವ ಆರೋಪವಾದಾಗ ಮಾನನಷ್ಟದ ವ್ಯಾಪ್ತಿಗೆ ಬರಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮು ಮಾನನಷ್ಟಕ್ಕೆ 2 ವರ್ಷಗಳವರೆಗಿನ ಸಾದಾ ಸೆರೆವಾಸ, ದಂಡ, ಇವೆರಡೂ ಅಥವಾ ಸಮುದಾಯ ಸೇವೆಯನ್ನು ವಿಧಿಸುತ್ತದೆ. ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯವು ಈ ಕಲಮಿನಡಿ ಅಪರಾಧವಲ್ಲ.