ನೆರಿಯದ ಅಂಗಳದಲ್ಲಿ ಕಾಫಿಯ ಮೂರು ಹದ

ಮಂಗಳೂರಿನಿಂದ ಬೆಳ್ತಂಗಡಿ, ಉಜಿರೆ, ಮುಂಡಾಜೆ ದಾಟಿ ಚಾರ್ಮಾಡಿ ಘಾಟಿಯ ಕಡೆ ಹೊರಟವರು ಕಕ್ಕಿಂಜೆಯಲ್ಲಿ ಹೆದ್ದಾರಿ ಬಿಟ್ಟು ಒಳದಾರಿ ಹಿಡಿದರೆ ನೆರಿಯ ಸಿಗುತ್ತದೆ. ಊರಿನ ಬೆನ್ನಿಗೇ ಪಶ್ಚಿಮಘಟ್ಟ. ಘಟ್ಟದಿಂದ ಇಳಿದು ಬರುವ ನೆರಿಯ ಹೊಳೆ ತೋಟಗಳನ್ನು ತೋಯಿಸುತ್ತಾ ನೇತ್ರಾವತಿಯ ಕಡೆಗೆ ಹರಿಯುತ್ತದೆ. ಮಂಗಳೂರು–ಹಾಸನ–ಬೆಂಗಳೂರು ಪೆಟ್ರೋಲಿಯಂ ಕೊಳವೆ ಮಾರ್ಗದ ಪಂಪಿಂಗ್ ಕೇಂದ್ರ ಇರುವ ಊರು ಎಂದು ಕೆಲವರು ಇದನ್ನು ಗುರುತಿಸುತ್ತಾರೆ. ಕೃಷಿಕರಿಗೆ ಮಾತ್ರ ಇದು ಅಡಿಕೆ, ತೆಂಗು, ರಬ್ಬರ್, ಕಾಳುಮೆಣಸಿನ ಊರು. ಆ ಸಾಲಿಗೆ ಈಗ ಕಾಫಿಯೂ ಸೇರಿದೆ. ನಾನು ಹೋದದ್ದು ಆ ಕಾಫಿಯನ್ನು ನೋಡಲು. ಅದಕ್ಕಿಂತ ಹೆಚ್ಚಾಗಿ, ಅಲ್ಲೇ ಬೆಳೆದ ಬೀಜವನ್ನು ಅಲ್ಲೇ ಹುರಿದರೆ ಹದದಿಂದ ಹದಕ್ಕೆ ರುಚಿ ಎಷ್ಟು ಬದಲಾಗುತ್ತದೆ ಎಂದು ತಿಳಿಯಲು.

ಅಡಿಕೆಯ ನೆರಳಲ್ಲಿ ರೊಬಸ್ಟಾ

ಕಾಫಿ ಎಂದರೆ ಘಟ್ಟದ ಮೇಲಿನ ಬೆಳೆ ಎಂಬ ಮಾತು ಕರಾವಳಿಯಲ್ಲಿ ಬಹುಕಾಲದಿಂದ ಇದೆ. ಅರೇಬಿಕಾ ಮಟ್ಟಿಗೆ ಅದು ನಿಜ. ಆ ಗಿಡಕ್ಕೆ ಸಾವಿರ ಮೀಟರ್ ಆಸುಪಾಸಿನ ಎತ್ತರ ಬೇಕು, ತಂಪು ಬೇಕು. ರೊಬಸ್ಟಾ ಹಾಗಲ್ಲ. ಸೆಕೆಯನ್ನೂ ತೇವವನ್ನೂ ತಾಳಿಕೊಳ್ಳುತ್ತದೆ, ಅಡಿಕೆ ಮರಗಳ ನಡುವಿನ ಅರೆನೆರಳಿನಲ್ಲಿ ಹಾಯಾಗಿ ಬೆಳೆಯುತ್ತದೆ. ಅಡಿಕೆಗೆ ಹಳದಿ ರೋಗ, ಎಲೆಚುಕ್ಕೆ ರೋಗಗಳ ಭಯ ಹೆಚ್ಚಿದಂತೆ ದಕ್ಷಿಣ ಕನ್ನಡದ ಕೃಷಿಕರು ಉಪಬೆಳೆಯ ಹುಡುಕಾಟದಲ್ಲಿ ಕಾಫಿಯ ಕಡೆ ತಿರುಗಿದರು. 2024ರಲ್ಲಿ ರೊಬಸ್ಟಾ ಬೆಲೆ ದಾಖಲೆ ಮಟ್ಟ ಮುಟ್ಟಿದ ಮೇಲೆ ಈ ಆಸಕ್ತಿ ಇನ್ನೂ ಬೆಳೆಯಿತು.

ತೋಟದೊಳಗೆ ನಡೆದರೆ ಎರಡು ಅಡಿಕೆ ಸಾಲುಗಳ ನಡುವೆ ಎದೆಯೆತ್ತರದ ಗಿಡಗಳು. ಮೇಲೆ ಬಿಟ್ಟರೆ ಕೊಯ್ಯಲು ಕಷ್ಟವೆಂದು ತುದಿ ಚಿವುಟಿ ಕೊಡೆಯಾಕಾರಕ್ಕೆ ತಂದಿದ್ದಾರೆ. ಅಡಿಕೆಗೆ ಬಿಡುವ ನೀರು ಇದಕ್ಕೂ ಸಿಗುತ್ತದೆ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಸ್ಪ್ರಿಂಕ್ಲರ್ ಹಾಕಿದರೆ ಹೂಮಳೆಗೆ ಕಾಯಬೇಕಿಲ್ಲ, ವಾರ ಹತ್ತು ದಿನದೊಳಗೆ ಗಿಡ ಬೆಳ್ಳಗಾಗುತ್ತದೆ. ರೊಬಸ್ಟಾ ಕಾಯಿ ಕಟ್ಟಲು ಬೇರೆ ಗಿಡದ ಪರಾಗ ಬೇಕು. ಹಾಗಾಗಿ ತೋಟದಲ್ಲಿ ಜೇನುಪೆಟ್ಟಿಗೆ ಇಟ್ಟವರಿಗೆ ಎರಡೂ ಕಡೆ ಲಾಭ.

ಡಿಸೆಂಬರ್‌ನಿಂದ ಹಣ್ಣು ಕೆಂಪಾಗಲು ಶುರು. ಇಲ್ಲಿ ಹಣ್ಣನ್ನು ಪಲ್ಪರ್‌ಗೆ ಹಾಕಿ ಸಿಪ್ಪೆ ತೆಗೆದು, ತೊಳೆದು, ಒಳಪೊರೆ ಸಹಿತ ಒಣಗಿಸಿ ಪಾರ್ಚ್‌ಮೆಂಟ್ ಮಾಡುವವರು ಕಡಿಮೆ. ಇಡೀ ಹಣ್ಣನ್ನೇ ಅಡಿಕೆ ಒಣಗಿಸುವ ಅಂಗಳದಲ್ಲಿ ಹರವುತ್ತಾರೆ. ಎರಡು ವಾರದ ಒಳ್ಳೆಯ ಬಿಸಿಲಿಗೆ ಅದು ಕಪ್ಪಾಗಿ ಸುಕ್ಕುಗಟ್ಟಿ 'ಚೆರಿ' ಆಗುತ್ತದೆ. ಒಂದು ಹಿಡಿ ಎತ್ತಿ ಕಿವಿಯ ಹತ್ತಿರ ಅಲುಗಾಡಿಸಿದಾಗ ಒಳಗೆ ಬೀಜ ಗಲಗಲ ಎಂದರೆ ಒಣಗಿದೆ ಎಂದು ಲೆಕ್ಕ. ಸುಮಾರು 5 ಕಿಲೋ ಹಣ್ಣಿಗೆ 1 ಕಿಲೋ ಹಸಿರು ಬೀಜ ಸಿಗುತ್ತದೆ. ಆದರೆ ಆ ಬೀಜವನ್ನು ಬೆಳೆಗಾರ ನೋಡುವುದೇ ಅಪರೂಪ. ಚೆರಿಯನ್ನು 50 ಕಿಲೋ ಚೀಲದ ಲೆಕ್ಕದಲ್ಲಿ ವ್ಯಾಪಾರಿಗೆ ಕೊಡುತ್ತಾನೆ, ಸಿಪ್ಪೆ ತೆಗೆಯುವುದೂ ದರ್ಜೆ ಮಾಡುವುದೂ ದೂರದ ಕ್ಯೂರಿಂಗ್ ವರ್ಕ್ಸ್‌ನಲ್ಲಿ. ಮನೆಗೆ ಬೇಕಾದ ಕಾಫಿ ಪುಡಿ ಮಾತ್ರ ಪೇಟೆಯ ಪ್ಯಾಕೆಟ್‌ನಲ್ಲಿ ವಾಪಸು ಬರುತ್ತದೆ.

ಬಾಣಲೆಯ ಮುಂದೆ

ಆದರೂ ಮನೆಯಲ್ಲೇ ಹುರಿಯುವ ಅಭ್ಯಾಸ ಪೂರ್ತಿ ಹೋಗಿಲ್ಲ. ನಾನು ಹೋದ ಮನೆಯ ಹಿಂಬದಿಯಲ್ಲಿ ಅಡಿಕೆ ಸೋಗೆ, ತೆಂಗಿನ ಗೆರಟೆ ಉರಿಸುವ ಒಲೆಯಿತ್ತು, ಅದರ ಮೇಲೆ ದಪ್ಪ ಕಬ್ಬಿಣದ ಬಾಣಲೆ. ಕುಟ್ಟಿ ಸಿಪ್ಪೆ ಬಿಡಿಸಿದ ಬೀಜವನ್ನು ಮನೆಯ ಅಕ್ಕ ಗೆರಸೆಯಲ್ಲಿ ಕೇರಿ, ಕಪ್ಪು ಬೀಜ, ಒಡಕು ಬೀಜ ಆರಿಸಿ ಇಟ್ಟಿದ್ದರು. ಅದನ್ನು 200 ಗ್ರಾಮಿನ ಮೂರು ಪಾಲು ಮಾಡಿ, ಒಂದನ್ನು ಎಳೆಹದಕ್ಕೆ, ಒಂದನ್ನು ನಡುಹದಕ್ಕೆ, ಇನ್ನೊಂದನ್ನು ಕಪ್ಪುಹದಕ್ಕೆ ಹುರಿಯುವುದೆಂದು ಮಾತಾಯಿತು. ಪೇಟೆಯ ಕಾಫಿ ಅಂಗಡಿಗಳಲ್ಲಿ ಇವಕ್ಕೇ ಲೈಟ್, ಮೀಡಿಯಂ, ಡಾರ್ಕ್ ರೋಸ್ಟ್ ಎನ್ನುತ್ತಾರೆ.

ಮೊದಲ ಕೆಲವು ನಿಮಿಷ ಏನೂ ಆಗುತ್ತಿಲ್ಲ ಎನಿಸುತ್ತದೆ. ಬೀಜದೊಳಗೆ ನೂರಕ್ಕೆ ಹತ್ತು ಹನ್ನೆರಡರಷ್ಟು ತೇವವಿರುತ್ತದೆ, ಬೆಂಕಿಯ ಮೊದಲ ಕೆಲಸ ಅದನ್ನು ಓಡಿಸುವುದು. ಹಸಿರು ಬಣ್ಣ ಮಾಸಿ ಹಳದಿಗೆ ತಿರುಗುತ್ತದೆ, ಒಣಹುಲ್ಲಿನ ವಾಸನೆ ಏಳುತ್ತದೆ. ಸುಮಾರು 150 ಡಿಗ್ರಿ ದಾಟಿದ ಮೇಲೆ ಬೀಜದ ಸಕ್ಕರೆ ಅಂಶ ಮತ್ತು ಅಮೈನೋ ಆಮ್ಲಗಳು ಕೂಡಿ ಕಂದು ಬಣ್ಣವನ್ನೂ ನೂರಾರು ಪರಿಮಳದ ಅಂಶಗಳನ್ನೂ ಹುಟ್ಟಿಸುತ್ತವೆ. ರಸಾಯನಶಾಸ್ತ್ರದಲ್ಲಿ ಇದಕ್ಕೆ ಮೇಯಾರ್ ಕ್ರಿಯೆ ಎಂದು ಹೆಸರು. ಬೀಜದ ಮೈಯ ಬೆಳ್ಳಿಪೊರೆ ಕಳಚಿ ಬಾಣಲೆ ತುಂಬ ಹಾರಾಡುತ್ತದೆ.

ಆಮೇಲೆ ಮೊದಲ ಸಿಡಿತ. ಕೆಂಡಕ್ಕೆ ಹಾಕಿದ ಹಲಸಿನ ಬೀಜ ಬಿರಿದಂತೆ ಚಟ್, ಚಟ್ ಎಂದು ಬಿಡಿಬಿಡಿಯಾಗಿ ಕೇಳುತ್ತದೆ. ಬೀಜದ ಒಳಗಿನ ಹಬೆಯ ಒತ್ತಡಕ್ಕೆ ಅದರ ಗೋಡೆ ಸೀಳುವ ಸದ್ದು ಅದು. ಆಗ ಬೀಜದ ಬಿಸಿ ಸುಮಾರು 200 ಡಿಗ್ರಿ. ಬೀಜ ಉಬ್ಬುತ್ತದೆ, ನಡುವಿನ ಗೆರೆ ಬಾಯಿ ಬಿಡುತ್ತದೆ. ಈ ಸಿಡಿತ ಮುಗಿಯುವ ಹೊತ್ತಿಗೆ ಇಳಿಸಿದರೆ ಎಳೆಹದ. "ಇದು ಇನ್ನೂ ಬೆಂದಿಲ್ಲ ಮಾರಾಯ್ರೆ" ಎಂದು ಅಕ್ಕ ಒಪ್ಪದಿದ್ದರೂ ಮೊದಲ ಪಾಲನ್ನು ಅಲ್ಲಿಗೇ ಗೆರಸೆಗೆ ಸುರಿದು ಬೀಸಿ ಆರಿಸಿದೆವು. ತಿಳಿಕಂದು ಬಣ್ಣ, ಒಣಗಿದ ಮೈ.

ಎರಡನೆಯ ಪಾಲನ್ನು ಸಿಡಿತ ನಿಂತ ಮೇಲೂ ಕೈಬಿಡದೆ ತಿರುವುತ್ತಾ ಇನ್ನೆರಡು ನಿಮಿಷ ಬಿಟ್ಟೆವು. ಬಣ್ಣ ಗಾಢವಾಗಿ ಮೈ ಸಮವಾಯಿತು, ಎಣ್ಣೆ ಇನ್ನೂ ಹೊರಗೆ ಬಂದಿಲ್ಲ. ಇದು ನಡುಹದ. ಮೂರನೆಯದು ಎರಡನೆಯ ಸಿಡಿತದವರೆಗೆ ಹೋಯಿತು. ಸುಮಾರು 225 ಡಿಗ್ರಿಯಲ್ಲಿ ಬರುವ ಈ ಸದ್ದು ಮೊದಲಿನಷ್ಟು ಜೋರಿಲ್ಲ, ಚಿಟಪಟ ಎಂದು ಬಿಡುವಿಲ್ಲದೆ ಕೇಳುತ್ತದೆ. ನೀಲಿ ಹೊಗೆ ಏಳುತ್ತದೆ, ಬೀಜದ ಮೈಮೇಲೆ ಎಣ್ಣೆಯ ಹೊಳಪು ಮೂಡುತ್ತದೆ. ಇಲ್ಲಿಂದ ಮುಂದೆ ಪ್ರತಿ ಹತ್ತು ಸೆಕೆಂಡೂ ಲೆಕ್ಕಕ್ಕೆ ಬರುತ್ತದೆ. ಒಲೆಯಿಂದ ಇಳಿಸಿದರೂ ಬೀಜ ತನ್ನ ಕಾವಿನಲ್ಲೇ ಬೇಯುತ್ತಿರುತ್ತದೆ, ಅದಕ್ಕಾಗಿ ಅಕ್ಕ ಗೆರಸೆಯನ್ನು ಮೊದಲೇ ಪಕ್ಕದಲ್ಲಿಟ್ಟು ಬೀಸಣಿಗೆ ಕೈಯಲ್ಲಿ ಹಿಡಿದೇ ಇದ್ದರು.

ಆರಿದ ಮೇಲೆ ತೂಗಿದೆವು. ಎಳೆಹದದ್ದು ಹೆಚ್ಚುಕಡಿಮೆ 175 ಗ್ರಾಂ, ನಡುಹದ 168, ಕಪ್ಪುಹದ 160. ತೇವದ ಜೊತೆ ಬೀಜದ ಸಾರವೂ ಒಂದಷ್ಟು ಹೊಗೆಯಾಗಿ ಹೋಗಿರುತ್ತದೆ. ತೂಕ ಇಳಿದರೂ ಗಾತ್ರ ಏರಿದೆ. ಕಪ್ಪುಹದದ ಬೀಜ ಬೆರಳಲ್ಲಿ ಒತ್ತಿದರೆ ಪುಡಿಯಾಯಿತು, ಎಳೆಹದದ್ದು ಹಲ್ಲಿಗೂ ಗಟ್ಟಿ.

ಬಾಯಿಗೆ ಬಂದ ವ್ಯತ್ಯಾಸ

ಹುರಿದ ಕೂಡಲೇ ಕಾಫಿ ಮಾಡಬಾರದು. ಬೀಜದೊಳಗೆ ತುಂಬಿದ ಇಂಗಾಲದ ಡೈಆಕ್ಸೈಡ್ ಹೊರಹೋಗಲು ಒಂದೆರಡು ದಿನ ಬೇಕು, ಅಷ್ಟರಲ್ಲಿ ರುಚಿ ಕೂಡಿಕೊಳ್ಳುತ್ತದೆ. ಹಾಗೆ ಇಟ್ಟು, ಪುಡಿ ಮಾಡಿ, ಮೂರನ್ನೂ ಒಂದೇ ಅಳತೆಯಲ್ಲಿ ಮೊದಲು ಹಾಲಿಲ್ಲದೆ, ನಂತರ ಹಾಲು ಹಾಕಿ ಕುಡಿದೆವು.

ಎಳೆಹದದ ರೊಬಸ್ಟಾಕ್ಕೆ ಹಸಿ ನೆಲಗಡಲೆಯ ರುಚಿ, ನಾಲಿಗೆ ಹಿಡಿಯುವ ಒಗರು. ಕಾರಣ ಸರಳ. ಕಾಫಿಯ ಒಗರಿಗೆ ಕಾರಣವಾದ ಕ್ಲೋರೊಜೆನಿಕ್ ಆಮ್ಲ ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಹೆಚ್ಚು. ಹುರಿದಷ್ಟೂ ಅದು ಒಡೆದು ಕಡಿಮೆಯಾಗುತ್ತದೆ, ಎಳೆಹದದಲ್ಲಿ ಉಳಿದೆರಡು ಹದಕ್ಕಿಂತ ಹೆಚ್ಚು ಉಳಿಯುತ್ತದೆ. ನಡುಹದದಲ್ಲಿ ಅದೇ ಬೀಜ ಬೇರೆಯೇ ಆಯಿತು. ಒಗರು ತಗ್ಗಿ, ಹುರಿದ ಕಡಲೆಯ ಕಂಪು, ಕೋಕೋದ ನೆನಪು ತರುವ ಕಹಿ, ಬಾಯಿ ತುಂಬುವ ದಪ್ಪ. ಹಾಲು ಹಾಕಿದಾಗಲೂ ಕಾಫಿ ಕಾಫಿಯಾಗಿಯೇ ಉಳಿಯಿತು. ಕಪ್ಪುಹದದಲ್ಲಿ ಹೊಗೆಯ ರುಚಿ ಮುಂದೆ ಬಂತು, ಬೀಜದ ಸ್ವಂತ ಗುಣ ಹಿಂದೆ ಸರಿಯಿತು. ಹಾಲು ಸಕ್ಕರೆ ಧಾರಾಳವಾಗಿ ಬೀಳುವ ಲೋಟದಲ್ಲಿ ಅದಕ್ಕೆ ತನ್ನ ಜಾಗವಿದೆ. ಹಾಲಿಲ್ಲದೆ ಕುಡಿದರೆ ಕಹಿ ಬಿಟ್ಟು ಬೇರೇನೂ ಸಿಗುವುದಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಿ ಹೇಳಬೇಕು. ಕಪ್ಪಾದಷ್ಟೂ ಕಾಫಿ 'ಸ್ಟ್ರಾಂಗ್', ಕೆಫೀನ್ ಹೆಚ್ಚು ಎಂದು ಬಹಳ ಜನ ನಂಬಿದ್ದಾರೆ. ಹುರಿಯುವ ಬಿಸಿಗೆ ಕೆಫೀನ್ ಅಷ್ಟಾಗಿ ನಾಶವಾಗುವುದಿಲ್ಲ. ಚಮಚದ ಲೆಕ್ಕದಲ್ಲಿ ಹಾಕಿದರೆ ಎಳೆಹದದ ಪುಡಿ ಭಾರವಾದ್ದರಿಂದ ಅದರಲ್ಲೇ ತುಸು ಹೆಚ್ಚು, ತೂಕದ ಲೆಕ್ಕದಲ್ಲಿ ಕಪ್ಪುಹದದಲ್ಲಿ ತುಸು ಹೆಚ್ಚು. ದೊಡ್ಡ ವ್ಯತ್ಯಾಸವಿರುವುದು ಜಾತಿಯಲ್ಲಿ. ರೊಬಸ್ಟಾದಲ್ಲಿ ಅರೇಬಿಕಾದ ಸುಮಾರು ಎರಡು ಪಟ್ಟು ಕೆಫೀನ್ ಇದೆ. ಕಪ್ಪು ಬಣ್ಣ ಹೇಳುವುದು ಕಹಿಯನ್ನು, ಶಕ್ತಿಯನ್ನಲ್ಲ.

ಘಟ್ಟದ ಮೇಲೂ ಕಡಲ ತಡಿಯಲ್ಲೂ

ಕಕ್ಕಿಂಜೆಗೆ ಮರಳಿ ಚಾರ್ಮಾಡಿಯ ತಿರುವುಗಳನ್ನು ಏರಿದರೆ ಕೊಟ್ಟಿಗೆಹಾರ, ಅದರಾಚೆ ಮೂಡಿಗೆರೆ, ಚಿಕ್ಕಮಗಳೂರು. ಬಾಬಾಬುಡನ್ ಯೆಮೆನ್‌ನಿಂದ ಏಳು ಬೀಜ ತಂದರು ಎಂಬ ಐತಿಹ್ಯದ ಬೆಟ್ಟಸಾಲು ಅಲ್ಲೇ ಇದೆ. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರವಿದೆ. ದೇಶದ ಕಾಫಿಯಲ್ಲಿ ನೂರಕ್ಕೆ ಎಪ್ಪತ್ತರಷ್ಟು ಕರ್ನಾಟಕದ್ದು. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ, ಕೊಡಗು ಅರೇಬಿಕಾಗಳಿಗೆ ಭೌಗೋಳಿಕ ಗುರುತು ಸಿಕ್ಕಿತು. ಎತ್ತರದಲ್ಲಿ ನಿಧಾನವಾಗಿ ಹಣ್ಣಾದ ಈ ಅರೇಬಿಕಾಕ್ಕೆ ಎಳೆಹದವೇ ಒಡವೆ. ಹಣ್ಣಿನ ಹುಳಿ, ಹೂವಿನ ಪರಿಮಳ, ತೋಟದಿಂದ ತೋಟಕ್ಕೆ ಬದಲಾಗುವ ಸೂಕ್ಷ್ಮ ಉಳಿಯುವುದು ಆ ಹದದಲ್ಲಿ. ಅದನ್ನೇ ಎಣ್ಣೆ ಬಿಡುವವರೆಗೆ ಹುರಿದರೆ ಬೆಲೆ ಕೊಟ್ಟು ಕೊಂಡ ಗುಣವನ್ನು ಹೊಗೆಗೆ ಬಿಟ್ಟ ಹಾಗೆ.

ಚಿಕ್ಕಮಗಳೂರಿನ ಪುಡಿ ಅಂಗಡಿಗಳಲ್ಲಿ ಗಿರಾಕಿಯ ಮೊದಲ ಪ್ರಶ್ನೆ ಹದದ್ದಲ್ಲ, ಚಿಕೋರಿಯದ್ದು: 80–20 ಬೇಕೋ, 70–30 ಬೇಕೋ? ಚಿಕೋರಿ ಒಂದು ಗಿಡದ ಬೇರು, ಹುರಿದು ಪುಡಿ ಮಾಡಿದ್ದು. ಬಣ್ಣ ಮತ್ತು ದಪ್ಪ ಕೊಡುತ್ತದೆ, ಕೆಫೀನ್ ಇಲ್ಲ. ಆಹಾರ ಸುರಕ್ಷತಾ ನಿಯಮದ ಪ್ರಕಾರ ಮಿಶ್ರಣದಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಇರಬಾರದು, ಪ್ರಮಾಣವನ್ನು ಪ್ಯಾಕೆಟ್ ಮೇಲೆ ಬರೆಯಲೇಬೇಕು. ನಮ್ಮ ಫಿಲ್ಟರ್ ಕಾಫಿಗೆ ನಡುಹದಕ್ಕಿಂತ ತುಸು ಗಾಢವಾದ ಹದ ಹೊಂದುವುದು ಹಾಲಿನ ಕಾರಣಕ್ಕೆ. ಎಳೆಹದದ ಹುಳಿ ಹಾಲಿನೊಂದಿಗೆ ಕೂಡುವುದಿಲ್ಲ.

ಘಟ್ಟದ ಕೆಳಗೆ ಮಂಗಳೂರಿಗೂ ತನ್ನದೇ ಒಂದು ಕಾಫಿ ಇದೆ, ಮಾನ್ಸೂನ್ಡ್ ಮಲಬಾರ್. ಹಾಯಿಹಡಗಿನ ಕಾಲದಲ್ಲಿ ಇಲ್ಲಿಂದ ಯುರೋಪಿಗೆ ತಿಂಗಳುಗಟ್ಟಲೆ ಸಾಗುತ್ತಿದ್ದ ಬೀಜ ಕಡಲ ತೇವ ಕುಡಿದು ಉಬ್ಬಿ, ಬಣ್ಣ ಬಿಟ್ಟು, ಹುಳಿ ಕಳೆದುಕೊಳ್ಳುತ್ತಿತ್ತು. ಅಲ್ಲಿನವರಿಗೆ ಆ ರುಚಿಯೇ ಹಿಡಿಸಿತು. 1869ರಲ್ಲಿ ಸುಯೆಜ್ ಕಾಲುವೆ ತೆರೆದು ಪಯಣ ಚಿಕ್ಕದಾಯಿತು, ರುಚಿಯೂ ತಪ್ಪಿತು. ಅದನ್ನು ಮರಳಿ ತರಲು ಈಗ ಕರಾವಳಿಯ ಗೋದಾಮುಗಳಲ್ಲಿ ಮಳೆಗಾಲದ ಗಾಳಿಗೆ ಬೀಜವನ್ನು ಹರವಿ, ತಿರುವಿ, ಹದ ಮಾಡುತ್ತಾರೆ. ಹುಳಿ ಕಡಿಮೆಯಾದ ಈ ಬೀಜ ಗಾಢ ಹದವನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ, ಎಸ್ಪ್ರೆಸೊ ಮಿಶ್ರಣಗಳಲ್ಲಿ ಅದಕ್ಕೆ ಬೇಡಿಕೆಯಿದೆ.

ಬೆಳೆದವರು ಕುಡಿದು ನೋಡಬೇಕು

ಒಂದೇ ಹದ ಎಲ್ಲ ಬೀಜಕ್ಕೂ ಒಗ್ಗುವುದಿಲ್ಲ. ಎತ್ತರದ ಅರೇಬಿಕಾ, ಹಾಲಿಲ್ಲದ ಕಾಫಿಗೆ ಎಳೆಹದ. ಒಳ್ಳೆಯ ರೊಬಸ್ಟಾ, ದಿನನಿತ್ಯದ ಲೋಟಕ್ಕೆ ನಡುಹದ ಅಥವಾ ಅದಕ್ಕಿಂತ ತುಸು ಮುಂದೆ. ಮಾನ್ಸೂನ್ಡ್ ಬೀಜ, ಗಟ್ಟಿ ಹಾಲಿನ ಕಾಫಿಗೆ ಕಪ್ಪುಹದ. ಕಪ್ಪುಹದ ಬೀಜದ ದೋಷವನ್ನೂ ಮುಚ್ಚುತ್ತದೆ, ಗುಣವನ್ನೂ ಮುಚ್ಚುತ್ತದೆ ಎಂಬುದನ್ನು ಕೊಳ್ಳುವವರು ನೆನಪಿಡಬೇಕು.

ನೆರಿಯದಂಥ ಊರಿನ ಬೆಳೆಗಾರರಿಗೆ ಹದ ಅರಿಯುವುದು ಇನ್ನೂ ಮುಖ್ಯ. ಹಿಂದೆ ಬೆಳೆದ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಸಾಮೂಹಿಕ ಪೂಲ್‌ಗೆ ಒಪ್ಪಿಸಬೇಕಿತ್ತು. 1996ರಿಂದ ಮಾರಾಟ ಪೂರ್ತಿ ಮುಕ್ತವಾಗಿದೆ, ತಮ್ಮ ಕಾಫಿಯ ಗುಣವನ್ನು ತಾವೇ ತಿಳಿದು ಮಾರಬಹುದು. ಹುರಿಯುವುದು, ಕಾಫಿ ಮಾಡುವುದನ್ನು ಕಲಿಸಲು ಮಂಡಳಿಯೇ 'ಕಾಪಿ ಶಾಸ್ತ್ರ' ಎಂಬ ತರಬೇತಿ ನಡೆಸುತ್ತದೆ. ತೊಳೆದು ಮಾಡಿದ ರೊಬಸ್ಟಾ ಪಾರ್ಚ್‌ಮೆಂಟ್‌ನ ಮೇಲ್ದರ್ಜೆ 'ರೊಬಸ್ಟಾ ಕಾಪಿ ರಾಯಲ್' ಹೆಸರಿನಲ್ಲಿ ವಿದೇಶದಲ್ಲಿ ಮಾನ ಪಡೆದಿದೆ. ನಡುಹದದ ಲೋಟದಲ್ಲಿ ಒಗರು ಬಂದರೆ ಕಾಯಿ ಕೊಯ್ದಿದ್ದೇವೆ ಎಂದು ಅರ್ಥ, ಮುಗ್ಗಲು ವಾಸನೆ ಬಂದರೆ ಅಂಗಳದಲ್ಲಿ ಒಣಗಿಸಿದ್ದು ಸಾಲದು. ಚೀಲದ ದರ ಹೇಳದ ಈ ಮಾತುಗಳನ್ನು ಹದವಾಗಿ ಹುರಿದ ಬೀಜ ಹೇಳುತ್ತದೆ. ಹಾಗಾಗಿ ಈ ಕೊಯ್ಲಿನಲ್ಲಿ, ಚೆರಿಯ ಚೀಲ ಹೊಲಿಯುವ ಮುನ್ನ, ಪ್ರತಿ ಬೆಳೆಗಾರನೂ ಒಂದು ಸೇರು ಬೀಜವನ್ನು ಮನೆಗೆ ಇಟ್ಟುಕೊಳ್ಳಲಿ. ಮೂರು ಹದಕ್ಕೆ ಹುರಿದು, ಮನೆಮಂದಿಯೆಲ್ಲ ಕೂತು ಕುಡಿದು, ತಮ್ಮ ತೋಟದ ರುಚಿ ಯಾವುದೆಂದು ತಾವೇ ತೀರ್ಮಾನಿಸಲಿ.