ಹದಿನಾಲ್ಕು ತಲೆ, ಐದು ಟಿಕೀಟು

ಉಗರಗೋಳದಲ್ಲಿ ಹುಟ್ಟಿದವನು ಜಾತ್ರೆಯನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗುವುದಿಲ್ಲ. ಜಾತ್ರೆಯೇ ಅವನ ಮನೆಯ ಮುಂದೆ ಹಾದುಹೋಗುತ್ತದೆ. ಯಲ್ಲಮ್ಮನ ಗುಡ್ಡದ ಬುಡದ ಊರು ನಮ್ಮದು. ಬನದ ಹುಣ್ಣಿಮೆ ಬಂದಿತೆಂದರೆ, ಅದರ ಬೆನ್ನಿಗೆ ಭಾರತ ಹುಣ್ಣಿಮೆ ಬಂದಿತೆಂದರೆ, ಕೊಲ್ಲಾರಿ ಬಂಡಿಗಳೂ ಟ್ರ್ಯಾಕ್ಟರುಗಳೂ ಸಾಲುಗಟ್ಟುತ್ತವೆ. ಹಣೆಯ ತುಂಬ ಭಂಡಾರ, ಬಾಯಿಯ ತುಂಬ ‘ಉಧೋ ಉಧೋ’. ಒಂದು ಬಂಡಿಯಲ್ಲಿ ಮುದುಕಿಯಿಂದ ಹಿಡಿದು ಹಾಲುಗೂಸಿನವರೆಗೆ ಇಡಿಯ ಮನೆತನ. ಜೊತೆಗೆ ಕಾಳುಕಡಿ, ಗಡಿಗೆ, ಎತ್ತಿಗೆ ಮೇವು. ಜೋಗುಳಬಾವಿಯಲ್ಲಿ ಮಿಂದು, ಗುಡ್ಡದ ಮೇಲೆ ಮೂರು ಕಲ್ಲು ಹೂಡಿ ಹೋಳಿಗೆ ಕಡುಬು ಬೇಯಿಸಿ, ದೇವಿಗೆ ಪಡ್ಡಲಗಿ ತುಂಬಿಸಿ, ತಾವೂ ಉಂಡು, ರಾತ್ರಿ ಬಂಡಿಯ ಕೆಳಗೆ ಮಲಗಿ, ಬೆಳಗಾದರೆ ನಗುನಗುತ್ತ ಹಿಂದಿರುಗುವರು. ಕೈಯಲ್ಲಿ ಹೆಚ್ಚು ಕಾಸಿಲ್ಲದೆ ಒಂದು ಮನೆತನವು ಇಡಿಯಾಗಿ ಹೊರಬಿದ್ದು ಹೇಗೆ ಸಂತೋಷಪಡಬೇಕೆಂಬ ವಿದ್ಯೆಯನ್ನು ನಾವು ಬಾಲ್ಯದಿಂದಲೂ ಕಣ್ಣಾರೆ ಕಂಡವರು. ಕಂಡವರು ಮಾತ್ರ. ಜಾತ್ರೆಯ ಕಾಲಕ್ಕೆ ನಮ್ಮ ಮನೆ ಬೀಗರು ಬಿಜ್ಜರಿಂದ ತುಂಬಿರುತ್ತಿತ್ತಾದ್ದರಿಂದ ನಮ್ಮ ಅವ್ವನಂತೂ ಜಾತ್ರೆಯನ್ನು ಒಲೆಯ ಹೊಗೆಯ ಆಚೆಯಿಂದಲೇ ನೋಡಿದವಳು.

ಹೀಗಿರಲಾಗಿ, ಕಳೆದ ದಸರೆಯ ಸೂಟಿಯಲ್ಲಿ ಮನೆಯ ಮಕ್ಕಳು ದಂಗೆಯೆದ್ದರು. ಅವರ ಕೈಯ ಮೊಬೈಲಿನಲ್ಲಿ ಯಾರೋ ಯಾವುದೋ ನೀರಿನ ಜಾರುಬಂಡಿಯಿಂದ ಚೀರುತ್ತ ಜಾರುತ್ತಿದ್ದರು. ‘ಅಲ್ಲಿಗೆ ಹೋಗೂಣು’ ಎಂಬುದು ಅವರ ಏಕಘೋಷ. ನಮ್ಮದು ಇನ್ನೂ ಒಡೆಯದ ಮನೆ. ಅಣ್ಣ–ವೈನಿ, ನಾನು–ನನ್ನಾಕೆ, ತಮ್ಮ–ಅವನಾಕೆ, ತವರಿಗೆ ಬಂದು ನೆಲಸಿದ ಅಕ್ಕ, ಇವರೆಲ್ಲರಿಗೂ ಹಿರಿಯಳಾದ ಅವ್ವ, ಆರು ಮಂದಿ ಮಕ್ಕಳು, ಹದಿನಾಲ್ಕು ತಲೆ. ಗಳಿಸುವ ಕೈಗಳ ಮಾತು ಬೇರೆ. ಅಣ್ಣನೂ ತಮ್ಮನೂ ಹೊಲವನ್ನು ನಂಬಿದವರು. ನಾನು ಅತಿಥಿ ಉಪನ್ಯಾಸಕ. ನನಗೆ ಸಲ್ಲುವ ಗೌರವಧನದಲ್ಲಿ ಗೌರವದ ಪಾಲು ದೊಡ್ಡದು.

ಅಣ್ಣ ಲೆಕ್ಕದ ವಹಿ ತೆಗೆದ. ದೊಡ್ಡ ಊರುಗಳ ವಿನೋದೋದ್ಯಾನಗಳ ಪ್ರವೇಶದರವನ್ನು ಮಗ ಓದಿಹೇಳಿದ. ತಲೆಗೆ ಸಾವಿರಕ್ಕೆ ಮೇಲ್ಪಟ್ಟು. ಮಕ್ಕಳ ದರವನ್ನು ವಯಸ್ಸು ಕೇಳಿ ಅಲ್ಲ, ಎತ್ತರ ಅಳೆದು ನಿರ್ಧರಿಸುವರಂತೆ. ನೀರಿಗಿಳಿಯಲು ಬೇರೆ ಉಡುಪು ಬೇಕು, ಬುತ್ತಿಯನ್ನು ಒಳಗೆ ಬಿಡುವುದಿಲ್ಲ. ಬುತ್ತಿ ಬಿಡುವುದಿಲ್ಲವೆಂದ ಕೂಡಲೆ ವೈನಿಯ ಮುಖದಲ್ಲಿ ಆ ಸ್ಥಳದ ಬಗೆಗಿದ್ದ ಅಷ್ಟಿಷ್ಟು ಆದರವೂ ಅಳಿಯಿತು. ಅಣ್ಣ ವಹಿಯನ್ನು ಮುಚ್ಚಿ, ‘ಐದು ಸಾವಿರ. ಅದರ ಮ್ಯಾಲ ಒಂದು ರೂಪಾಯಿ ಇಲ್ಲ. ಎಲ್ಲಿಗಿ ಬೇಕೋ ಅಲ್ಲಿಗಿ ಹೋಗ್ರಿ’ ಎಂದುಬಿಟ್ಟ.

ಇಂಥ ಉದ್ಯಾನಗಳು ಲೋಕದಲ್ಲಿ ಹುಟ್ಟಿದ ಬಗೆಯನ್ನು ನೆನೆದರೆ ನನಗೊಂದು ವಿಚಿತ್ರ ಕಾಣುತ್ತದೆ. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ಟಿವೋಲಿ 1843ರಷ್ಟು ಹಳೆಯದು. ಆದರೆ ಈಗಿನವಕ್ಕೆಲ್ಲ ಮೇಲ್ಪಂಕ್ತಿಯಾದುದು 1955ರ ಜುಲೈ 17ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ತೆರೆದ ಡಿಸ್ನಿಲ್ಯಾಂಡು. ವಾಲ್ಟ್ ಡಿಸ್ನಿ ಬಿಡುವಿನ ದಿನಗಳಲ್ಲಿ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಉದ್ಯಾನವೊಂದರ ತಿರುಗುವ ಕುದುರೆಗಳ ಮೇಲೆ ಕೂಡ್ರಿಸಿ, ತಾನು ಬೆಂಚಿನ ಮೇಲೆ ಶೇಂಗಾ ತಿನ್ನುತ್ತ ಕುಳಿತಿರುತ್ತಿದ್ದನಂತೆ. ತಂದೆತಾಯಿಗಳೂ ಮಕ್ಕಳೂ ಕೂಡಿಯೇ ನಲಿಯುವಂಥ ಒಂದು ಸ್ಥಳವಿರಬೇಕೆಂದು ಆತನಿಗೆ ಅಲ್ಲಿಯೇ ಹೊಳೆದುದಾಗಿ ಆತನೇ ಹೇಳಿಕೊಂಡಿದ್ದಾನೆ. ಅಂದರೆ, ಬೆಂಚಿನ ಮೇಲೆ ಕುಳಿತವರನ್ನು ಎಬ್ಬಿಸುವುದಕ್ಕಾಗಿ ಹುಟ್ಟಿದ ವಸ್ತು ಇದು! ಈಗಲಾದರೋ ದೊಡ್ಡ ಸಂಸಾರದವನೊಬ್ಬ ಟಿಕೀಟಿನ ಕಿಂಡಿಯ ಮುಂದೆ ನಿಂತು ಮನಸ್ಸಿನಲ್ಲೇ ಗುಣಿಸಿ, ‘ನೀವು ಹೋಗಿಬರ್ರಿ, ನಾ ಇಲ್ಲೇ ಕುಂತಿರ್ತೀನಿ’ ಎಂದು ಶೇಂಗಾದ ಪೊಟ್ಟಣದೊಡನೆ ಮರಳಿ ಬೆಂಚಿಗೇ ಬರುತ್ತಾನೆ.

ನಾವು ಕಡೆಗೆ ಆರಿಸಿದ್ದು ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್. ಉಗರಗೋಳದಿಂದ ಸವದತ್ತಿ, ಧಾರವಾಡ, ಹುಬ್ಬಳ್ಳಿಗಳ ಮೇಲೆ ಹಾದು ಸುಮಾರು ನೂರು ಕಿಲೋಮೀಟರಿನ ದಾರಿ. ಜೀಪು ಗೊತ್ತುಮಾಡುವ ಮಾತು ಬಂದಾಗ ಅದನ್ನು ಕತ್ತರಿಸಿದವಳು ಅಕ್ಕ. 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯಲ್ಲಿ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೀಟಿನ ಹಣವಿಲ್ಲ. ನಮ್ಮಲ್ಲಿ ಹೆಂಗಸರು ಐವರು, ಹುಡುಗಿಯರು ಇಬ್ಬರು. ಏಳು ತಲೆಗೆ ಸೊನ್ನೆ. ಆರು ತುಂಬದ ಕಿರಿಯವನಿಗೂ ಸೊನ್ನೆ. ಇಬ್ಬರು ಹುಡುಗರಿಗೆ ಅರ್ಧ ಅರ್ಧ, ಎಂದರೆ ಒಂದು. ಮೂವರು ಗಂಡಸರೂ ಅಣ್ಣನ ಹದಿನಾಲ್ಕರ ಮಗನೂ ಕೂಡಿ ನಾಲ್ಕು. ಹದಿನಾಲ್ಕು ತಲೆಗೆ ಐದು ಟಿಕೀಟು! ಪಂಪ ರನ್ನರನ್ನು ಇಪ್ಪತ್ತು ವರ್ಷ ಪಾಠ ಹೇಳಿದ ನನಗಾಗಲಿ, ಹೊಲದ ಲೆಕ್ಕದಲ್ಲಿ ನುರಿತ ಅಣ್ಣನಿಗಾಗಲಿ ಹೊಳೆಯದ ಈ ಗಣಿತವು ಸಾಲೆಯನ್ನು ನಾಲ್ಕನೆಯ ಇಯತ್ತೆಗೆ ಬಿಟ್ಟ ಅಕ್ಕನಿಗೆ ಹೊಳೆದಿತ್ತು.

ಉಳಿದದ್ದು ಅವ್ವನ ಮಾತು. ‘ನಾ ಎದಕ್ಕ? ಮನಿ ಕಾಯಾಕ ಒಬ್ಬರು ಬೇಕಲ್ಲ. ಎಮ್ಮಿ ಹಿಂಡವರ್‍ಯಾರು?’ ಎಂದಳು. ಎಮ್ಮೆಯನ್ನು ನೆರೆಮನೆಯವರು ಹಿಂಡುವರೆಂದೆವು. ‘ಬಸ್ಸಿನ್ಯಾಗ ನನಗ ಆಗಿಬರೂದಿಲ್ಲ’ ಎಂದಳು. ಕಿಡಕಿಯ ಪಕ್ಕದ ಸೀಟನ್ನು ಹಿಡಿಯುವ ಹೊಣೆಯನ್ನು ಮೊಮ್ಮಗ ಹೊತ್ತ. ರೊಕ್ಕದ ಮಾತನ್ನು ಆಕೆ ಎತ್ತಲಿಲ್ಲ. ಬಸ್ಸಿಗೆ ತನಗೆ ಹಣವಿಲ್ಲವೆಂದಮೇಲೆ ಎತ್ತಲು ಎಡೆಯೂ ಇರಲಿಲ್ಲ. ಹೀಗೆ, ನಸುಕಿನಲ್ಲೆದ್ದು ಎಲ್ಲರೂ ಹೊರಟೆವು. ಜೋಳದ ಕಡಕ್ ರೊಟ್ಟಿ, ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಜುಣಕದ ವಡೆ, ಶೇಂಗಾ ಹೋಳಿಗೆ, ಮೊಸರಬುತ್ತಿ. ಬುತ್ತಿಯ ಗಂಟುಗಳೇ ಬಸ್ಸಿನಲ್ಲಿ ಹದಿನೈದನೆಯ ಪ್ರಯಾಣಿಕನಂತಿದ್ದವು. ಮೂರು ಬಸ್ಸು ಬದಲಿಸಿದೆವು. ಪ್ರತಿಯೊಂದರಲ್ಲಿಯೂ ಕಂಡಕ್ಟರನು ಏಳು ಶೂನ್ಯದರದ ಚೀಟಿಗಳನ್ನು ಹರಿದುಕೊಟ್ಟ. ಅವ್ವ ತನ್ನದನ್ನು ಮಡಚಿ ಎಲೆಯಡಿಕೆಯ ಸಂಚಿಯೊಳಗೆ ಇಟ್ಟುಕೊಂಡಳು.

ಗೊಟಗೋಡಿಯಲ್ಲಿ ಇಳಿದಾಗ ಬಿಸಿಲೇರಿತ್ತು. ಮೊದಲು ಹೊರಗೊಂದು ಮರದ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಿದೆವು. ಬಳಿಕ ಕಿಂಡಿಯ ಬಳಿ ಹೋದಾಗ ಅವ್ವ ಮೆಲ್ಲನೆ ಕೇಳಿದಳು: ‘ತಮ್ಮಾ, ಒಬ್ಬರಿಗೆ ಎಷ್ಟ?’

‘ಹತ್ತು ರೂಪಾಯಿ ಬೇ’ ಎಂದೆ.

ಇದು ನಾನು ಹೇಳಿದ ಸುಳ್ಳುಗಳಲ್ಲಿ ಅತ್ಯಂತ ಮೂರ್ಖವಾದುದು. ಅವ್ವನಿಗೆ ಅಕ್ಷರ ಬಾರದು, ಅಂಕಿ ಬರುತ್ತದೆ. ದರದ ಫಲಕವನ್ನು ಒಮ್ಮೆ ನೋಡಿ, ನನ್ನನ್ನು ಒಮ್ಮೆ ನೋಡಿ, ‘ಓದಾಕ ಬರೂದಿಲ್ಲಂದ್ರ ಎಣಿಸಾಕೂ ಬರೂದಿಲ್ಲಂತ ತಿಳದೀಯೇನ?’ ಎಂದವಳೇ ಬುತ್ತಿಯ ಚೀಲವನ್ನು ಮಗ್ಗುಲಿಗಿಟ್ಟುಕೊಂಡು ಮರದ ಬುಡದಲ್ಲಿ ಕುಳಿತುಬಿಟ್ಟಳು. ‘ನೀವು ಹೋಗ್ರಿ. ನಾ ಚೀಲಾ ಕಾಯ್ತೀನಿ. ಆ ರೊಕ್ಕದಾಗ ಹುಡುಗೂರಿಗೆ ಏನರ ಕೊಡಸ್ರಿ.’

ಅಣ್ಣ ಬೇಡಿಕೊಂಡ. ತಮ್ಮ ಸಿಟ್ಟಾದ. ನಾನು ಸುಳ್ಳಾಡಿದವನಾದ್ದರಿಂದ ಸುಮ್ಮನೆ ನಿಂತೆ. ಆಗ ಅಕ್ಕ ಒಂದು ಮಾತೂ ಆಡದೆ ಹೋಗಿ ಅವ್ವನ ಪಕ್ಕದಲ್ಲಿ ಕುಳಿತಳು. ಆಕೆಯ ಬೆನ್ನಿಗೆ ವೈನಿ. ‘ಅತ್ತಿ ಹೊರಗಿದ್ರ ನಮಗೇನು ಒಳಗ ಕೆಲಸ?’ ಎಂದು ನನ್ನಾಕೆ, ತಮ್ಮನಾಕೆ. ಹುಡುಗಿಯರಿಬ್ಬರು ಕಣ್ಣಲ್ಲಿ ನೀರು ತಂದುಕೊಂಡೇ ಆ ಸಾಲಿನ ಕೊನೆಗೆ ಕುಳಿತರು. ಬಸ್ಸಿನಲ್ಲಿ ಸೊನ್ನೆಯಾಗಿ ಬಂದ ಏಳೂ ಜನ ಮರದಡಿ ಒಂದು ಸಾಲಾದರು. ಅವ್ವ ಆ ಸಾಲನ್ನು ಬಹಳ ಹೊತ್ತು ನೋಡಿದಳು. ಬಳಿಕ ಸೆರಗನ್ನು ಕೊಡವಿ ಎದ್ದು, ‘ಏಳ್ರಿ, ಮಂದಿ ನೋಡಾಕ್ಹತ್ಯಾರ’ ಎಂದಳು. ಅಣ್ಣ ಹದಿನಾಲ್ಕು ಜನಕ್ಕೂ ಪ್ರವೇಶ ಪಡೆದ.

ರಾಕ್ ಗಾರ್ಡನ್ ಎಂದರೆ ಓದಿದವರಿಗೆ ಚಂಡೀಗಢದ ನೆನಪಾದೀತು. ನೇಕ್ ಚಂದ್ ಅಲ್ಲಿ ಒಡೆದ ಬಳೆ, ಮುರಿದ ಪಿಂಗಾಣಿಗಳಿಂದ ಕಟ್ಟಿ, 1976ರಲ್ಲಿ ಸಾರ್ವಜನಿಕರಿಗೆ ತೆರೆದ ಉದ್ಯಾನ ಬೇರೆ ಬಗೆಯದು. ಗೊಟಗೋಡಿಯದು ಸಿಮೆಂಟಿನಲ್ಲಿ ಎರೆದು ಬಣ್ಣ ಹಚ್ಚಿದ ಒಂದು ಊರು. ಇದರ ಹಿಂದಿನ ಕಲ್ಪನೆ ಕಲಾವಿದ ಟಿ. ಬಿ. ಸೊಲಬಕ್ಕನವರದು. ದೊಡ್ಡಾಟಕ್ಕೆ ಹೊಸ ಉಸಿರು ತುಂಬಲು ದುಡಿದ ಅವರು 2020ರಲ್ಲಿ ತೀರಿಕೊಂಡರು. ಬಾಗಿಲಲ್ಲಿ ಡಾ. ರಾಜಕುಮಾರರು ತಮ್ಮ ಚಲಚ್ಚಿತ್ರಗಳ ಪಾತ್ರಗಳ ವೇಷದಲ್ಲಿ ಎದುರುಗೊಳ್ಳುತ್ತಾರೆ. ಅಲ್ಲಿ ಅಣ್ಣ ಮೂವತ್ತು ವರ್ಷ ಕಿರಿಯನಾದ. ಒಳಗೆ ಹೋದರೆ ಗೌಡರ ಮನೆ, ಕಸುಬುದಾರರ ಮನೆಗಳು, ದನಕರುಗಳು, ರೊಟ್ಟಿ ಬಡಿಯುವವಳು, ಆಟವಾಡುವ ಮಕ್ಕಳು. ಒಬ್ಬರ ಮುಖದಂತೆ ಇನ್ನೊಬ್ಬರ ಮುಖವಿಲ್ಲ. ಕೈಮೇಲಿನ ನರ, ಹಿಮ್ಮಡಿಯ ಬಿರುಕು, ಉಟ್ಟ ಸೀರೆಯ ನೆರಿಗೆ, ಯಾವುದನ್ನೂ ಕಲಾವಿದ ಬಿಟ್ಟಿಲ್ಲ.

ಪೇಟೆಯಿಂದ ಬಂದವರು ಆ ಬೊಂಬೆಗಳ ಮುಂದೆ ನಿಂತು ಚಿತ್ರ ತೆಗೆದುಕೊಳ್ಳುತ್ತಿದ್ದರು. ನಮ್ಮ ಮನೆಯ ಹೆಂಗಸರಾದರೋ ಪರೀಕ್ಷಕರಂತೆ ನಡೆದರು. ಒಲೆಯ ಮುಂದೆ ಕುಳಿತವಳ ಕೈಯ ಬಾಗನ್ನು ವೈನಿ ಒಪ್ಪಿದಳು. ಎಮ್ಮೆಯ ಕೆಚ್ಚಲನ್ನು ಅಕ್ಕ ಬಗ್ಗಿ ನೋಡಿ ‘ಅಡ್ಡಿಯಿಲ್ಲ’ ಎಂದಳು. ದಿನವೂ ಕಾಸಿಲ್ಲದೆ ಮಾಡುವ ಕೆಲಸವನ್ನು ಹಣ ಕೊಟ್ಟು ನೋಡುವುದು ಹುಚ್ಚಾಟವಲ್ಲವೇ ಎಂದು ಮೊದಲು ನನಗೆ ಅನಿಸಿದ್ದುಂಟು. ಆದರೆ ಅವರ ಮುಖಗಳನ್ನು ಕಂಡಮೇಲೆ ಆ ವಿಚಾರವನ್ನು ಹಿಂತೆಗೆದುಕೊಂಡೆ. ತಮ್ಮ ದಿನದ ದುಡಿಮೆಯನ್ನು ಯಾರೋ ಇಷ್ಟು ಲಕ್ಷ್ಯಗೊಟ್ಟು ನೋಡಿದ್ದರೆಂಬುದನ್ನು ಅವರು ಅಂದೇ ಮೊದಲು ಕಂಡುದು.

ಸಂಜೆ ಹೊರಡುವ ಹೊತ್ತಿಗೆ ನಾನು ಎಣಿಸಿದೆ. ಹದಿಮೂರು. ಮತ್ತೆ ಎಣಿಸಿದೆ, ಹದಿಮೂರೇ. ಎದೆ ಧಸಕ್ಕೆಂದಿತು. ಕಿರಿಯವನು ತಮ್ಮನ ಹೆಗಲ ಮೇಲಿದ್ದ. ಹುಡುಗಿಯರು ಇದ್ದರು. ‘ಅವ್ವ ಎಲ್ಲಿ?’ ಎಂದು ಅಣ್ಣ ಕೂಗಿದ. ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಓಡಿದೆವು. ನಾನು ಗೌಡರ ಮನೆಯ ಕಡೆಗೆ ಹೋದೆ, ಹಿಂದಿರುಗಿದೆ. ಬೊಂಬೆಗಳ ನಡುವೆ ಕಟ್ಟೆಯ ಮೇಲೆ ಕುಳಿತ ಮುದುಕಿಯೊಬ್ಬಳನ್ನು ದಾಟಿ ಎರಡು ಸಲ ಅತ್ತಿಂದಿತ್ತ ಓಡಾಡಿದೆ. ಮೂರನೆಯ ಸಲ ಆ ಮುದುಕಿ ಎಲೆಗೆ ಸುಣ್ಣ ಹಚ್ಚುತ್ತ ನುಡಿದಳು:

‘ಯಾರನ್ನ ಹುಡುಕಾಕ್ಹತ್ತಿ?’

ನಾನು ಅಲ್ಲಿಯೇ ಕುಸಿದು ಕುಳಿತೆ. ಸಿಮೆಂಟಿನ ಹೆಂಗಸರ ಜೊತೆಗೆ ಆಕೆಯೂ ಒಂದೆಂದು ನನ್ನ ಕಣ್ಣು ಎರಡು ಸಲ ಆಕೆಯನ್ನು ಬಿಟ್ಟು ಮುಂದೆ ಹೋಗಿತ್ತು. ‘ಕಾಲೇಜಿನ್ಯಾಗ ಹುಡುಗರ ಹಾಜರಿ ಹಿಂಗ ತಗೋತೀಯೇನ ತಮ್ಮಾ?’ ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಕೈಹಿಡಿದು ಎಬ್ಬಿಸಿದೆ. ಆಕೆಯ ಅಂಗೈ ಬೆಚ್ಚಗಿತ್ತು, ಒರಟಾಗಿತ್ತು.

ಧಾರವಾಡದ ನಿಲ್ದಾಣದಲ್ಲಿ ಅಣ್ಣ ವಹಿ ತೆಗೆದು ಕೂಡಿಸಿದ. ಮುನ್ನೂರಾ ನಲವತ್ತು ರೂಪಾಯಿ ಉಳಿದಿತ್ತು. ಮಕ್ಕಳು ಐಸ್‌ಕ್ರೀಮು ಎಂದವು. ಅವ್ವ ಆ ಹಣವನ್ನು ಕೈಗೆ ತೆಗೆದುಕೊಂಡು ಎರಡು ಪಾಲು ಮಾಡಿದಳು. ಒಂದರಲ್ಲಿ ಮಕ್ಕಳಿಗೆ ಐಸ್‌ಕ್ರೀಮು. ಇನ್ನೊಂದರಲ್ಲಿ, ಎಮ್ಮೆ ಹಿಂಡಿ ಮನೆ ಕಾದ ನೆರೆಮನೆಯವರಿಗೆ ಪೇಡೆ. ತನಗೇನೂ ಇಲ್ಲ. ತಮ್ಮ ತನ್ನ ಅಂಗಿಯ ಕಿಸೆಯಿಂದ, ಅಣ್ಣನ ವಹಿಗೆ ಕಾಣದಂತೆ, ಹತ್ತು ರೂಪಾಯಿಯ ಶೇಂಗಾ ಕೊಂಡುತಂದು ಆಕೆಯ ಮಡಿಲಿಗೆ ಸುರಿದ.

ಸವದತ್ತಿಯ ಕೊನೆಯ ಬಸ್ಸು ತುಂಬಿತ್ತು. ನಾವು ಚದರಿ ಕುಳಿತಿದ್ದೆವು. ಕಂಡಕ್ಟರನು ಎಷ್ಟು ಜನವೆಂದು ಕೇಳಿದಾಗ ನಾನು ಬಾಯಿ ತೆರೆಯುವಷ್ಟರಲ್ಲಿ ಕಿಡಕಿಯ ಕಡೆಯಿಂದ ಅವ್ವನ ದನಿ ಬಂದಿತು: ‘ಎದ್ದು ನಿಂತು ಎಣಿಸಿ ಹೇಳು.’

ಎದ್ದು ನಿಂತು ಎಣಿಸಿದೆ. ‘ಹದಿನಾಲ್ಕು.’

‘ನನ್ನ ಹಿಡಕೊಂಡ?’

‘ನಿನ್ನಿಂದಲೇ ಸುರು ಮಾಡೀನಿ ಬೇ.’

ಆಕೆ ಸಂಚಿಯನ್ನು ಬಿಚ್ಚಿ, ಆ ದಿನದ ಆರನೆಯ ಚೀಟಿಗಾಗಿ ಕೈ ಚಾಚಿದಳು.